ಹಳೆಯ ಯಂತ್ರಕ್ಕೆ ಹೊಸ ಡಿಸ್ಕು: ಆರಂಭದ ದಾರಿಯಲ್ಲಿ ತಡೆ ಎಲ್ಲಿ?

ಐದಾರು ವರ್ಷಗಳ ಹಿಂದೆ ಕೊಂಡ ಲ್ಯಾಪ್‌ಟಾಪೊಂದು, ಗುಂಡಿಯನ್ನು ಒತ್ತಿದ ಮೇಲೆ ಕಣ್ಣು ತೆರೆಯಲು ನಾಲ್ಕಾರು ನಿಮಿಷಗಳನ್ನು ತೆಗೆದುಕೊಳ್ಳತೊಡಗಿದಾಗ, ಅದಕ್ಕೆ ವಾರ್ಧಕ್ಯ ಪ್ರಾಪ್ತವಾಯಿತೆಂದು ಭಾವಿಸಿ ಅದರ ಒಡೆಯನು ಹೊಸದರ ಬೆಲೆಯನ್ನು ವಿಚಾರಿಸುವುದು ಸಹಜವೇ ಸರಿ. ಆದರೆ ಆ ಯಂತ್ರದ ಅಂಗಾಂಗಗಳನ್ನು ಒಂದೊಂದಾಗಿ ಪರೀಕ್ಷಿಸಿ ನೋಡಿದಲ್ಲಿ, ಗಣನೆ ಮಾಡುವ ಪ್ರೊಸೆಸರು, ಪರದೆ, ಕೀಲಿಮಣೆ ಇವೆಲ್ಲವೂ ದೃಢವಾಗಿಯೇ ಇದ್ದು, ಮುಪ್ಪು ಅಡರಿರುವುದು ಬಹುಮಟ್ಟಿಗೆ ಒಂದೇ ಒಂದು ಭಾಗಕ್ಕೆ, ಅಂದರೆ ಮಾಹಿತಿಯನ್ನು ಹಿಡಿದಿಟ್ಟಿರುವ ಹಾರ್ಡ್‌ಡಿಸ್ಕಿಗೆ, ಎಂಬ ಸಂಗತಿ ಗೋಚರವಾಗುತ್ತದೆ. ಆ ಒಂದು ಭಾಗವನ್ನು ತೆಗೆದು ಅದರ ಸ್ಥಾನದಲ್ಲಿ ಎಸ್‌ಎಸ್‌ಡಿಯನ್ನು ಕೂರಿಸಿದರೆ, ಹೊಸ ಲ್ಯಾಪ್‌ಟಾಪಿನ ಬೆಲೆಯ ಅಲ್ಪಾಂಶದಲ್ಲಿ ಹಳೆಯದಕ್ಕೆ ಇನ್ನೂ ಕೆಲವು ವರ್ಷಗಳ ಆಯುಷ್ಯವನ್ನು ಸಂಪಾದಿಸಿಕೊಡಬಹುದು.

ವಿಜಯಪುರ ನಗರದಲ್ಲಿಯೂ, ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ತಿಕೋಟಾ ಮತ್ತು ಬಬಲೇಶ್ವರಗಳಲ್ಲಿಯೂ ಇಂತಹ ಯಂತ್ರಗಳು ಹೇರಳವಾಗಿವೆ. ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರವು ಉಚಿತವಾಗಿ ಹಂಚಿದವು ಕೆಲವು. 2003ರಲ್ಲಿ ಸ್ಥಾಪಿತವಾಗಿ ಇಂದು ತೊರವಿಯ ಆವರಣದಲ್ಲಿ ನೆಲೆಗೊಂಡಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯಕ್ಕೆ ಸುತ್ತಣ ಊರುಗಳಿಂದ ಬರುವ ಹೆಣ್ಣುಮಕ್ಕಳು ಮನೆಯ ಹಿರಿಯರಿಂದ ಪಡೆದುಕೊಂಡವು ಕೆಲವು. ತಿಕೋಟಾ ಸೀಮೆಯ ದ್ರಾಕ್ಷಿ, ಒಣದ್ರಾಕ್ಷಿಗಳ ವ್ಯವಹಾರದ ಲೆಕ್ಕಪತ್ರಗಳನ್ನು ಟ್ಯಾಲಿಯಲ್ಲಿ ಹೊತ್ತಿರುವವು, ಝೆರಾಕ್ಸ್ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅರ್ಜಿಗಳನ್ನು ತುಂಬುತ್ತಿರುವವು ಮತ್ತೆ ಕೆಲವು. ಇವುಗಳಲ್ಲಿ ಬಹುಪಾಲು ಯಂತ್ರಗಳು ನೆಚ್ಚಿಕೊಂಡಿದ್ದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ನೀಡುತ್ತಿದ್ದ ಸಾಮಾನ್ಯ ಬೆಂಬಲವು 14 ಅಕ್ಟೋಬರ್ 2025ರಂದು ಮುಗಿದುಹೋದುದರಿಂದ, ಡಿಸ್ಕನ್ನು ಬದಲಿಸುವ ಕೆಲಸವೂ ಆಪರೇಟಿಂಗ್ ಸಿಸ್ಟಮ್ ಅನ್ನು ಹೊಸದಾಗಿ ಪ್ರತಿಷ್ಠಾಪಿಸುವ ಕೆಲಸವೂ ಈಗ ಜೊತೆಜೊತೆಯಾಗಿಯೇ ಬಂದೊದಗಿವೆ.

ತೊಡಕು ಹುಟ್ಟುವುದು ಇಲ್ಲಿಯೇ. ಹಳೆಯ ಡಿಸ್ಕನ್ನು ಬಿಚ್ಚಿ, ಹೊಸದನ್ನು ಕೂರಿಸಿ, ಪೆನ್‌ಡ್ರೈವಿನಿಂದ ವಿಂಡೋಸನ್ನೋ ಲಿನಕ್ಸನ್ನೋ ಹಾಕಲು ತೊಡಗಿದಾಗ, ಡಿಸ್ಕು ಕಾಣುವುದಿಲ್ಲವೆಂದೋ, ಕಂಡರೂ ಅದರ ಮೇಲೆ ಪ್ರತಿಷ್ಠಾಪನೆ ಸಾಧ್ಯವಿಲ್ಲವೆಂದೋ, ಪ್ರತಿಷ್ಠಾಪನೆ ಮುಗಿದರೂ ಆರಂಭಿಸತಕ್ಕ ಸಾಧನ ದೊರೆಯಲಿಲ್ಲವೆಂದೋ ಪರದೆಯ ಮೇಲೆ ಒಂದು ಸಾಲು ಮೂಡಿ ನಿಲ್ಲುತ್ತದೆ. “ಡಿಸ್ಕೇ ಹೋಗೇತ್ರಿ” ಎಂಬ ತೀರ್ಪು ಅಲ್ಲಿಗೆ ಹೊರಬೀಳುತ್ತದೆ. ನಿರ್ದೋಷಿಯಾದ ಡಿಸ್ಕು ಅಂಗಡಿಗೆ ಹಿಂದಿರುಗುತ್ತದೆ. ಆದರೆ ಇಂತಹ ಸಂದರ್ಭಗಳಲ್ಲಿ ದೋಷವು ಡಿಸ್ಕಿನಲ್ಲಿರುವುದು ವಿರಳ. ಒಂದು ಹಂತವು ತನ್ನ ಕೆಲಸವನ್ನು ಮುಗಿಸಿ ಮುಂದಿನ ಹಂತಕ್ಕೆ ಒಪ್ಪಿಸತಕ್ಕ ಸ್ಥಳದಲ್ಲಿ, ಎರಡರ ನಡುವಣ ಒಪ್ಪಂದ ಕೂಡಿಬಾರದೆ ಇರುವುದೇ ಬಹುತೇಕ ಅಡಚಣೆಗಳ ಮೂಲ. ಪರದೆಯ ಮೇಲೆ ಮೂಡುವ ಸಂದೇಶವು ಆ ಸ್ಥಳ ಯಾವುದೆಂಬುದನ್ನು ಸಾಮಾನ್ಯವಾಗಿ ತಾನೇ ಹೇಳುತ್ತಿರುತ್ತದೆ. ಆ ಹಂತಗಳ ಅನುಕ್ರಮವನ್ನು ತಿಳಿದವನಿಗೆ ಈ ಕಾರ್ಯದಲ್ಲಿ ಭಯಪಡಬೇಕಾದುದು ಅತ್ಯಲ್ಪ.

ತಿರುಗುವ ತಟ್ಟೆ, ತಿರುಗದ ಚಿಪ್ಪು

ಹಾರ್ಡ್‌ಡಿಸ್ಕಿನ ವಂಶಾವಳಿಯು 1956ರಲ್ಲಿ ಐಬಿಎಂ ಸಂಸ್ಥೆಯು ಹೊರತಂದ ರಾಮಾಕ್ ಯಂತ್ರದಿಂದ ಮೊದಲಾಗುತ್ತದೆ. ಎರಡಡಿ ವ್ಯಾಸದ 50 ತಟ್ಟೆಗಳನ್ನು ಒಂದೇ ಅಚ್ಚಿಗೆ ಪೋಣಿಸಿದ್ದ ಆ ಮಹಾಯಂತ್ರವು ಧಾರಣ ಮಾಡುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಛಾಯಾಚಿತ್ರಕ್ಕೆ ಅಷ್ಟು ಸ್ಥಳ ಸಾಲದೆ ಹೋಗಬಹುದು. ತಟ್ಟೆಗಳು ಕಿರಿದಾದವು, ಧಾರಣಶಕ್ತಿ ಲಕ್ಷಾಂತರ ಪಟ್ಟು ಹಿಗ್ಗಿತು. ಆದರೆ ತಿರುಗುವ ಕಾಂತೀಯ ತಟ್ಟೆಯ ಮೇಲೆ ಸೂಜಿಯಂತಹ ತಲೆಯೊಂದು ಓಡಾಡಿ ಓದಬೇಕೆಂಬ ಮೂಲತತ್ತ್ವ ಮಾತ್ರ ಬದಲಾಗಲಿಲ್ಲ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕು ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ತಲೆಯ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಅದಕ್ಕೂ ಮುನ್ನ ತಲೆಯು ಸರಿಯಾದ ವರ್ತುಲಕ್ಕೆ ಸರಿಯಬೇಕು. ಹೀಗಾಗಿ ಚದುರಿಬಿದ್ದ ಸಣ್ಣಸಣ್ಣ ತುಣುಕುಗಳನ್ನು ಓದುವಾಗ ಅದು ಸೆಕೆಂಡಿಗೆ ನೂರು ತುಣುಕುಗಳ ಎಲ್ಲೆಯನ್ನು ದಾಟುವುದೇ ಕಷ್ಟ. ವಿಂಡೋಸ್ ಎಚ್ಚರಗೊಳ್ಳುವಾಗ ಓದಬೇಕಾದ ತುಣುಕುಗಳಾದರೋ ಸಾವಿರಾರು.

ಎಸ್‌ಎಸ್‌ಡಿಯಲ್ಲಿ ತಿರುಗತಕ್ಕದ್ದು ಯಾವುದೂ ಇಲ್ಲ. ಜಪಾನಿನ ತೊಷಿಬಾ ಸಂಸ್ಥೆಯಲ್ಲಿ ಫುಜಿಯೊ ಮಸುವೊಕಾ ಅವರು 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯೇ ಅದರ ಆಧಾರ. ವಿದ್ಯುತ್ ಹೋದರೂ ತನ್ನಲ್ಲಿಟ್ಟ ವಿದ್ಯುದಂಶವನ್ನು ಬಿಟ್ಟುಕೊಡದ ಸೂಕ್ಷ್ಮ ಕೋಶಗಳಲ್ಲಿ ಮಾಹಿತಿ ನೆಲೆಸಿರುವುದರಿಂದ, ಯಾವ ಕೋಶವನ್ನು ಓದಬೇಕಾದರೂ ಕಾಯುವ ಪ್ರಮೇಯವಿಲ್ಲ. ಸೆಕೆಂಡಿಗೆ ಹತ್ತಾರು ಸಾವಿರ ತುಣುಕುಗಳನ್ನು ಅದು ಓದಿ ಮುಗಿಸಬಲ್ಲುದು. ಹಳೆಯ ಲ್ಯಾಪ್‌ಟಾಪು ಹೊಸದರಂತೆ ಚುರುಕಾಗುವುದರ ರಹಸ್ಯವು ಇಷ್ಟೇ.

ಕೊಳ್ಳುವ ಮುನ್ನ ತಿಳಿಯತಕ್ಕದ್ದು

ಎಸ್‌ಎಸ್‌ಡಿಗಳೆಲ್ಲವೂ ಒಂದೇ ಜಾತಿಯವಲ್ಲ. ಹಾರ್ಡ್‌ಡಿಸ್ಕಿನ ಗೂಡಿಗೆ ನೇರವಾಗಿ ಹೊಂದುವ, ಎರಡೂವರೆ ಅಂಗುಲದ, 7 ಮಿಲಿಮೀಟರ್ ದಪ್ಪದ ಚಪ್ಪಟೆ ಡಬ್ಬಿಯ ರೂಪದ್ದು ಒಂದು. ಅದು ಸಾಟಾ ಎಂಬ ಸಂಪರ್ಕವನ್ನು ಅವಲಂಬಿಸಿ ಸೆಕೆಂಡಿಗೆ ಸುಮಾರು 550 ಮೆಗಾಬೈಟಿನವರೆಗೆ ಓದುತ್ತದೆ. ಎಂ.2 ಎಂದು ಕರೆಯಲ್ಪಡುವ ಕಿರುಪಟ್ಟಿಯ ರೂಪದ್ದು ಇನ್ನೊಂದು. ಅದರ ಮೇಲೆ 2280 ಎಂಬ ಸಂಖ್ಯೆ ಇದ್ದರೆ ಅಗಲ 22, ಉದ್ದ 80 ಮಿಲಿಮೀಟರ್ ಎಂದು ತಿಳಿಯಬೇಕು. ಮೋಸಹೋಗುವ ಸ್ಥಳ ಈ ಎರಡನೆಯದು. ಏಕೆಂದರೆ ನೋಟಕ್ಕೆ ಒಂದೇ ತೆರನಾಗಿ ಕಾಣುವ ಎಂ.2 ಪಟ್ಟಿಗಳಲ್ಲಿ ಕೆಲವು ಹಳೆಯ ಸಾಟಾ ಪದ್ಧತಿಯಲ್ಲಿಯೂ, ಕೆಲವು 2011ರಲ್ಲಿ ಮೊದಲ ರೂಪ ತಳೆದ ಎನ್‌ವಿಎಂಇ ಪದ್ಧತಿಯಲ್ಲಿಯೂ ವ್ಯವಹರಿಸುತ್ತವೆ. ಸಾಟಾ ಮಾತ್ರ ಬಲ್ಲ ಕಿಂಡಿಯಲ್ಲಿ ಎನ್‌ವಿಎಂಇ ಪಟ್ಟಿಯನ್ನಿಟ್ಟರೆ ಯಂತ್ರಕ್ಕೆ ಅದರ ಅಸ್ತಿತ್ವವೇ ತಿಳಿಯುವುದಿಲ್ಲ, ವಿಪರ್ಯಯವೂ ಹೀಗೆಯೇ. ಆದುದರಿಂದ ಲ್ಯಾಪ್‌ಟಾಪಿನ ಬೆನ್ನಿನ ಮೇಲೆ ಅಚ್ಚಾಗಿರುವ ಮಾದರಿಯ ಸಂಖ್ಯೆಯನ್ನು ಬರೆದುಕೊಂಡು, ತಯಾರಕರ ಕೈಪಿಡಿಯಲ್ಲಿ ಆ ಕಿಂಡಿ ಯಾವ ಜಾತಿಯದೆಂಬುದನ್ನು ನೋಡಿಕೊಂಡ ಮೇಲೆಯೇ ಅಂಗಡಿಯ ಮೆಟ್ಟಿಲು ಹತ್ತುವುದು ವಿಹಿತ.

ಬಿಚ್ಚುವಾಗ ವಹಿಸಬೇಕಾದ ಎಚ್ಚರಿಕೆಯೂ ಒಂದುಂಟು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿಯನ್ನು ಮೀರುವ, ಗಾಳಿ ಶುಷ್ಕವಾಗಿರುವ ನಮ್ಮ ಸೀಮೆಯಲ್ಲಿ, ಮೈಮೇಲಣ ಬಟ್ಟೆಯ ಘರ್ಷಣೆಯಿಂದ ಸ್ಥಾಯಿವಿದ್ಯುತ್ತು ಸಂಚಯವಾಗುವುದು ಸುಲಭ. ಚಾರ್ಜರನ್ನು ಕಿತ್ತು, ಒಳಗಿನ ಬ್ಯಾಟರಿಯ ಕೊಂಡಿಯನ್ನು ಬಿಡಿಸಿ, ನೆಲಕ್ಕೆ ತಗುಲಿದ ಲೋಹವೊಂದನ್ನು ಮುಟ್ಟಿ ಕೈಯನ್ನು ನಿರ್ವಿದ್ಯುತ್ತಾಗಿಸಿಕೊಂಡ ಬಳಿಕವೇ ಚಿಪ್ಪುಗಳಿರುವ ಹಲಗೆಯನ್ನು ಮುಟ್ಟತಕ್ಕದ್ದು.

ಎಲ್ಲಕ್ಕೂ ಮೊದಲು ಸಂರಕ್ಷಣೆ

ವಿಜಯಪುರದವರಿಗೆ ಪ್ರತಿಯ ಮಹತ್ತ್ವವನ್ನು ಬೇರೆಯವರು ಬೋಧಿಸಬೇಕಾಗಿಲ್ಲ. 1910ರಲ್ಲಿ ಬಿಎಲ್‌ಡಿಇ ಸಂಸ್ಥೆಯ ಸ್ಥಾಪನೆಗೆ ಕಾರಣಪುರುಷರಾದ ಡಾ. ಫ.ಗು. ಹಳಕಟ್ಟಿಯವರು, ಮನೆಮನೆಗಳ ಮೂಲೆಯಲ್ಲಿ ಹುಳುಗಳಿಗೆ ಆಹಾರವಾಗುತ್ತಿದ್ದ ಓಲೆಗರಿಗಳನ್ನು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ಮುಂದೆ ಹಿತಚಿಂತಕ ಮುದ್ರಣಾಲಯವನ್ನೇ ನೆಲೆಗೊಳಿಸಿ, ಒಂದೇ ಪ್ರತಿಯಲ್ಲಿ ಪ್ರಾಣ ಹಿಡಿದಿದ್ದ ವಾಙ್ಮಯವನ್ನು ಸಹಸ್ರ ಪ್ರತಿಗಳಾಗಿ ಹರಡಿದುದರಿಂದಲೇ ಅದು ನಮ್ಮ ಪಾಲಿಗೆ ಉಳಿಯಿತು. ಒಂದೇ ಕಡೆ ಇರುವುದು ಇಲ್ಲದುದಕ್ಕೆ ಸಮಾನವೆಂಬ ಆ ವಿವೇಕವು ಗಣಕಯಂತ್ರದ ಕಡತಗಳಿಗೂ ಅಷ್ಟೇ ಅನ್ವಯವಾಗುತ್ತದೆ.

ಡಿಸ್ಕನ್ನು ಬಿಚ್ಚುವ ಮೊದಲೇ, ಯಂತ್ರವು ಇನ್ನೂ ನಿಧಾನವಾಗಿಯಾದರೂ ನಡೆಯುತ್ತಿರುವಾಗಲೇ, ದಾಖಲೆಗಳು, ಚಿತ್ರಗಳು, ಡೆಸ್ಕ್‌ಟಾಪಿನ ಮೇಲೆ ಹರಡಿಕೊಂಡಿರುವ ಕಡತಗಳು, ಡೌನ್‌ಲೋಡ್ ಕಪಾಟಿನಲ್ಲಿ ಮರೆತ ಅಂಕಪಟ್ಟಿಗಳು, ಬ್ರೌಸರಿನಲ್ಲಿ ಕಾಪಿಟ್ಟ ಗುಪ್ತಪದಗಳು ಇವೆಲ್ಲವನ್ನೂ ಹೊರಗಿನ ಡಿಸ್ಕೊಂದಕ್ಕೆ ನಕಲು ಮಾಡಿ, ನಕಲಾದುದನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು. ವ್ಯಾಪಾರಿಗಳಾದರೆ ಟ್ಯಾಲಿಯ ಬ್ಯಾಕಪ್ಪನ್ನು ತೆಗೆದು, ಅದರ ಪರವಾನಗಿಯನ್ನು ಸರೆಂಡರ್ ಮಾಡಿಟ್ಟುಕೊಳ್ಳುವುದು ಕ್ಷೇಮ. ಹೊಸ ಡಿಸ್ಕಿನಲ್ಲಿ ಅದನ್ನು ಮತ್ತೆ ಚಾಲನೆಗೊಳಿಸುವುದು ಆಗ ನಿರಾಯಾಸವಾಗುವುದು.

ಬಹುಜನರು ಅರಿಯದ ಅಪಾಯವೊಂದಿದೆ, ಅದು ಬಿಟ್‌ಲಾಕರ್. ಇತ್ತೀಚಿನ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯೊಡನೆ ಪ್ರವೇಶಿಸಿದಾಗ, ಡಿಸ್ಕಿನಲ್ಲಿರುವ ಸಮಸ್ತವೂ ಒಡೆಯನ ಗಮನಕ್ಕೆ ಬಾರದೆಯೇ ಗೂಢಲಿಪಿಗೆ ಪರಿವರ್ತಿತವಾಗಿರುವುದುಂಟು. ಅದನ್ನು ಬಿಡಿಸುವ ರಹಸ್ಯವು ಆ ಯಂತ್ರದ ಮದರ್‌ಬೋರ್ಡಿನೊಡನೆ ಬೆಸೆದುಕೊಂಡಿರುತ್ತದೆ. ಆದುದರಿಂದ ಹೊರತೆಗೆದ ಹಳೆಯ ಡಿಸ್ಕನ್ನು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ತೆರೆಯಹೊರಟರೆ, ಅದು 48 ಅಂಕಿಗಳ ಪುನಃಪ್ರಾಪ್ತಿಯ ಕೀಲಿಯನ್ನು ಕೇಳುತ್ತದೆ. ಆ ಕೀಲಿಯು ಸಾಮಾನ್ಯವಾಗಿ ಅದೇ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಂಗ್ರಹವಾಗಿರುತ್ತದೆ. ಅದನ್ನು ಮೊದಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೊಳ್ಳದವನು, ಖಾತೆಯ ಗುಪ್ತಪದವನ್ನೂ ಮರೆತಿದ್ದರೆ, ತನ್ನದೇ ಕಡತಗಳ ಮುಂದೆ ಪರಕೀಯನಾಗಿ ನಿಲ್ಲಬೇಕಾಗುತ್ತದೆ.

ಗುಂಡಿ ಒತ್ತಿದ ಮೇಲೆ ನಡೆಯುವುದೇನು?

ಆದಿಲಶಾಹಿ ಅರಸರ ಕಾಲದಲ್ಲಿ, ತೊರವಿಯ ಕಡೆಯಿಂದಲೂ 1651ರಲ್ಲಿ ನಿರ್ಮಿತವಾದ ಬೇಗಂ ತಾಲಾಬಿನಿಂದಲೂ ನೆಲದಡಿಯ ಮಾರ್ಗಗಳಲ್ಲಿ ಈ ನಗರಕ್ಕೆ ನೀರನ್ನು ತಂದಾಗ, ದಾರಿಯಲ್ಲಿ ಅಲ್ಲಲ್ಲಿ ಗಂಜ್ ಎಂಬ ಜಲಗೋಪುರಗಳನ್ನು ಕಟ್ಟಿ, ನೀರಿನ ಒತ್ತಡವನ್ನು ಅಲ್ಲಿ ಇಳಿಸಿ, ಹೂಳನ್ನು ತಡೆದು, ಮುಂದಿನ ಕೊಳವೆಗೆ ಒಪ್ಪಿಸುವ ಏರ್ಪಾಡನ್ನು ಮಾಡಿದ್ದರು. ನಗರದ ಕಾರಂಜಿಗೆ ನೀರು ಬಾರದಿದ್ದರೆ ಕಾರಂಜಿಯನ್ನು ಒಡೆಯುವುದರಿಂದ ಫಲವಿಲ್ಲ. ಯಾವ ಗಂಜಿನವರೆಗೆ ನೀರು ಬಂದಿದೆ, ಯಾವುದರಿಂದಾಚೆಗೆ ಬಂದಿಲ್ಲ ಎಂಬುದನ್ನು ಕಂಡುಕೊಂಡರೆ ತಡೆಯ ಸ್ಥಳವು ತಾನಾಗಿಯೇ ಸಿದ್ಧವಾಗುತ್ತದೆ. ಗಣಕಯಂತ್ರದ ಆರಂಭವನ್ನೂ ಈ ಕ್ರಮದಲ್ಲಿಯೇ ಪರೀಕ್ಷಿಸಬೇಕು.

ಗುಂಡಿ ಒತ್ತಿದ ಕ್ಷಣದಲ್ಲಿ ಎಚ್ಚರಗೊಳ್ಳುವುದು ಡಿಸ್ಕೂ ಅಲ್ಲ, ವಿಂಡೋಸೂ ಅಲ್ಲ. ಮದರ್‌ಬೋರ್ಡಿನ ಮೇಲಿನ ಚಿಪ್ಪಿನಲ್ಲಿ ನೆಲೆಸಿರುವ ಕಿರು ಕಾರ್ಯಕ್ರಮ. 1981ರ ಐಬಿಎಂ ಪಿಸಿಯ ಕಾಲದಿಂದ ಅದಕ್ಕೆ ಬಯಾಸ್ ಎಂದು ಹೆಸರು. ಇಂದಿನ ಯಂತ್ರಗಳಲ್ಲಿರುವುದು ಅದರ ಉತ್ತರಾಧಿಕಾರಿಯಾದ ಯುಇಎಫ್‌ಐ. ಅದು ಮೊದಲು ಸ್ಮೃತಿ, ಕೀಲಿಮಣೆ, ಡಿಸ್ಕುಗಳನ್ನು ಎಣಿಸಿ ನೋಡುತ್ತದೆ. ಬಳಿಕ, ಯಾವ ಸಾಧನದಿಂದ ಆರಂಭಿಸಬೇಕೆಂಬ ತನ್ನ ಪಟ್ಟಿಯಂತೆ ಡಿಸ್ಕಿನಲ್ಲಿರುವ ಒಂದು ಚಿಕ್ಕ ಪಾರ್ಟಿಷನ್ನನ್ನು ತೆರೆದು, ಅಲ್ಲಿರುವ ಬೂಟ್‌ಲೋಡರಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಬೂಟ್‌ಲೋಡರು ಆಪರೇಟಿಂಗ್ ಸಿಸ್ಟಮ್ಮಿನ ತಿರುಳನ್ನು ಸ್ಮೃತಿಗೆ ಎಳೆದುಕೊಳ್ಳುತ್ತದೆ. ಆ ತಿರುಳು ತನ್ನ ಡ್ರೈವರುಗಳ ಮೂಲಕ ಡಿಸ್ಕನ್ನೂ ಪರದೆಯನ್ನೂ ವೈಫೈಯನ್ನೂ ವಶಪಡಿಸಿಕೊಂಡು ಪ್ರವೇಶದ್ವಾರವನ್ನು ತೋರಿಸುತ್ತದೆ. ಹೊಸ ಡಿಸ್ಕು ಬಂದಾಗ ಈ ಹಂತಗಳಲ್ಲಿ ಪ್ರತಿಯೊಂದಕ್ಕೂ ಹಳೆಯ ಪರಿಚಯ ತಪ್ಪಿ, ಹೊಸ ಪರಿಚಯ ಬೇಕಾಗುತ್ತದೆ.

ತಡೆಗಳು ಮತ್ತು ಪರಿಹಾರಗಳು

ಮೊದಲ ಪರೀಕ್ಷೆ ಬಯಾಸಿನಲ್ಲಿ. ಯಂತ್ರವನ್ನು ಚಾಲೂ ಮಾಡಿದೊಡನೆ ಎಫ್2 ಅಥವಾ ತಯಾರಕರು ಸೂಚಿಸಿದ ಕೀಲಿಯನ್ನು ಒತ್ತಿ ಒಳಹೊಕ್ಕು, ಸಂಗ್ರಹಸಾಧನಗಳ ಪಟ್ಟಿಯಲ್ಲಿ ಹೊಸ ಡಿಸ್ಕಿನ ಹೆಸರಿದೆಯೇ ಎಂದು ನೋಡಬೇಕು. ಇಲ್ಲಿಯೇ ಕಾಣದಿದ್ದರೆ ವಿಂಡೋಸನ್ನು ಎಷ್ಟು ಸಲ ಹಾಕಲು ಯತ್ನಿಸಿದರೂ ಪ್ರಯೋಜನವಿಲ್ಲ. ಡಿಸ್ಕು ಕಿಂಡಿಯಲ್ಲಿ ಪೂರ್ಣವಾಗಿ ಕುಳಿತಿಲ್ಲ, ಇಲ್ಲವೇ ಆ ಕಿಂಡಿಗೆ ಹೊಂದುವ ಜಾತಿಯದಲ್ಲ, ಇಲ್ಲವೇ ನಿಜವಾಗಿಯೂ ಕೆಟ್ಟಿದೆ. ಡಿಸ್ಕಿನ ಮೇಲೆ ದೋಷಾರೋಪಣೆ ಮಾಡಬಹುದಾದ ಸ್ಥಳ ಮುಖ್ಯವಾಗಿ ಇದೊಂದೇ. ಇಲ್ಲಿ ಹೆಸರು ಕಂಡಿತೆಂದರೆ, ಮುಂದಿನ ತಡೆಗಳ ಕಾರಣವನ್ನು ಮೊದಲು ಬೇರೆಡೆಯಲ್ಲಿಯೇ ಅರಸಬೇಕು.

ಎರಡನೆಯ ತಡೆ ಪೆನ್‌ಡ್ರೈವಿನದು. ಇನ್ನೊಂದು ಗಣಕಯಂತ್ರದಲ್ಲಿ, ಕನಿಷ್ಠ 8 ಗಿಗಾಬೈಟಿನ ಪೆನ್‌ಡ್ರೈವಿಗೆ, ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಷನ್ ಟೂಲಿನಿಂದಲೋ ರೂಫಸ್ ಎಂಬ ತಂತ್ರಾಂಶದಿಂದಲೋ ಪ್ರತಿಷ್ಠಾಪನೆಯ ಕಡತಗಳನ್ನು ಬರೆಯುವುದು ಸರಿಯಾದ ಮಾರ್ಗ. ಇಳಿಸಿಕೊಂಡ ಕಡತಗಳನ್ನು ಕೈಯಿಂದಲೇ ನಕಲು ಮಾಡಹೊರಟವರು, ಕಡತವು ತೀರ ದೊಡ್ಡದೆಂಬ ಆಕ್ಷೇಪವನ್ನು ಎದುರಿಸುವುದುಂಟು. ಯುಇಎಫ್‌ಐ ಸಾಮಾನ್ಯವಾಗಿ ಓದಬಲ್ಲ ಫ್ಯಾಟ್32 ವಿನ್ಯಾಸದಲ್ಲಿ ಒಂದು ಕಡತವು 4 ಗಿಗಾಬೈಟನ್ನು ಮುಟ್ಟುವಂತಿಲ್ಲ, ವಿಂಡೋಸಿನ ಮುಖ್ಯ ಕಡತವಾದರೋ ಅನೇಕವೇಳೆ ಆ ಮೇರೆಯನ್ನು ಮೀರಿರುತ್ತದೆ. ಪೆನ್‌ಡ್ರೈವು ಸಿದ್ಧವಾಗಿದ್ದೂ ಯಂತ್ರವು ಅದನ್ನು ಲೆಕ್ಕಿಸದಿದ್ದರೆ ಬೂಟ್ ಮೆನುವನ್ನು ಕರೆಯಬೇಕು: ಲೆನೊವೊ, ಡೆಲ್ ಯಂತ್ರಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಕೀಲಿ. ಏಸರಿನ ಅನೇಕ ಮಾದರಿಗಳಲ್ಲಿ ಎಫ್12ರ ಮೆನುವನ್ನು ಬಯಾಸಿನೊಳಗೆ ಮೊದಲು ಸಕ್ರಿಯಗೊಳಿಸಿರಬೇಕಾಗುತ್ತದೆ. ಸಂತೆ, ಜಾತ್ರೆಗಳಲ್ಲಿ ಅಗ್ಗಕ್ಕೆ ದೊರೆಯುವ ಪೆನ್‌ಡ್ರೈವುಗಳಲ್ಲಿ ಹೊರಗೆ ಬರೆದ ಧಾರಣಶಕ್ತಿ ಒಳಗೆ ಇಲ್ಲದಿರುವುದೂ ಉಂಟು. ಪ್ರತಿಷ್ಠಾಪನೆಯು ಅರ್ಧದಲ್ಲಿ ಕಡತ ದೊರೆಯಲಿಲ್ಲವೆಂದು ನಿಂತರೆ ಪೆನ್‌ಡ್ರೈವನ್ನು ಬದಲಿಸಿ ನೋಡತಕ್ಕದ್ದು.

ಮೂರನೆಯದು ಜನರನ್ನು ಅತ್ಯಧಿಕವಾಗಿ ಗೊಂದಲಕ್ಕೆ ಕೆಡಹುವ ತಡೆ: ಬಯಾಸಿನಲ್ಲಿ ಡಿಸ್ಕು ಕಾಣುತ್ತದೆ, ವಿಂಡೋಸಿನ ಪ್ರತಿಷ್ಠಾಪಕನಿಗೆ ಕಾಣುವುದಿಲ್ಲ. ಇಂಟೆಲ್ ಪ್ರೊಸೆಸರಿನ 11ನೆಯ ತಲೆಮಾರಿನಿಂದೀಚೆಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ, ವಿಎಂಡಿ ಎಂಬ ಮಧ್ಯವರ್ತಿಯೊಂದು ಎನ್‌ವಿಎಂಇ ಡಿಸ್ಕುಗಳನ್ನು ತನ್ನ ಅಧೀನದಲ್ಲಿ ಇರಿಸಿಕೊಂಡಿರುತ್ತದೆ. ಅದರ ಭಾಷೆಯನ್ನು ತಿಳಿಸುವ ಡ್ರೈವರು ಪ್ರತಿಷ್ಠಾಪಕನ ಬಳಿ ಇಲ್ಲದಿದ್ದರೆ ಡಿಸ್ಕುಗಳ ಪಟ್ಟಿ ಬರಿದಾಗಿ ತೋರುತ್ತದೆ. ಪರಿಹಾರ ಎರಡು ಬಗೆ. ತಯಾರಕರ ತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರನ್ನು ಇಳಿಸಿಕೊಂಡು, ಬಿಡಿಸಿ, ಅದೇ ಪೆನ್‌ಡ್ರೈವಿನಲ್ಲಿಟ್ಟು, ಆ ಪರದೆಯಲ್ಲಿರುವ ಲೋಡ್ ಡ್ರೈವರ್ ಎಂಬುದನ್ನು ಒತ್ತಿ ತೋರಿಸುವುದು ಒಂದು. ಬಯಾಸಿನಲ್ಲಿ ವಿಎಂಡಿಯನ್ನು ಸ್ಥಗಿತಗೊಳಿಸುವುದು ಮತ್ತೊಂದು. ಏಸರಿನ ಕೆಲವು ಮಾದರಿಗಳಲ್ಲಿ ಈ ಆಯ್ಕೆಯು ಬಯಾಸಿನ ಮುಖ್ಯ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಕೂಡಿಸಿ ಒತ್ತಿದಾಗಲೇ ಪ್ರತ್ಯಕ್ಷವಾಗುವುದು. ಆದರೆ ವಿಂಡೋಸ್ ಈಗಾಗಲೇ ನೆಲೆಗೊಂಡಿರುವ ಯಂತ್ರದಲ್ಲಿ ಈ ಆಯ್ಕೆಯನ್ನು ಸಿದ್ಧತೆಯಿಲ್ಲದೆ ಬದಲಿಸಕೂಡದು. ತಾನು ಎದ್ದು ಬಂದ ಡಿಸ್ಕು ಕಣ್ಮರೆಯಾದುದನ್ನು ಕಂಡು ಅದು ನೀಲಿ ಪರದೆಯನ್ನು ತೋರಿಸಿ ನಿಂತುಬಿಡಬಹುದು.

ನಾಲ್ಕನೆಯದು, ಡಿಸ್ಕು ಕಂಡರೂ ಅದರ ಮೇಲೆ ವಿಂಡೋಸ್ ಹಾಕಲಾಗದೆಂಬ ನಿರಾಕರಣೆ. ಜೊತೆಯಲ್ಲಿ ಎಂಬಿಆರ್ ಅಥವಾ ಜಿಪಿಟಿ ಎಂಬ ಪದವೊಂದು ಬಂದಿರುತ್ತದೆ. ಡಿಸ್ಕಿನ ವಿಭಾಗಗಳು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುತ್ತವೆ ಎಂಬ ಅನುಕ್ರಮಣಿಕೆಯನ್ನು ಬರೆಯುವ ಎರಡು ಪದ್ಧತಿಗಳಿವು. ಎಂಬಿಆರ್ 1983ರದು, ನಾಲ್ಕು ಮುಖ್ಯ ವಿಭಾಗಗಳನ್ನೂ ಸುಮಾರು 2 ಟೆರಾಬೈಟನ್ನೂ ಮೀರಿ ಅದು ಎಣಿಸಲಾರದು. ಜಿಪಿಟಿಯು ಯುಇಎಫ್‌ಐಯ ಸಹಜಾತ. ವಿಂಡೋಸಿನಲ್ಲಿ ಅದಕ್ಕೆ 128 ವಿಭಾಗಗಳವರೆಗೆ ಅವಕಾಶವಿದೆ. ಪೆನ್‌ಡ್ರೈವು ಯುಇಎಫ್‌ಐ ರೀತಿಯಲ್ಲಿ ಆರಂಭವಾಗಿದ್ದರೆ ಡಿಸ್ಕು ಜಿಪಿಟಿಯಾಗಿರಲೇಬೇಕು. ಹಳೆಯ ಲೆಗಸಿ ರೀತಿಯಲ್ಲಿ ಆರಂಭವಾಗಿದ್ದರೆ ಎಂಬಿಆರ್ ಆಗಿರಬೇಕು. ಇಂದಿನ ಯಂತ್ರಗಳಿಗೆ ಯುಇಎಫ್‌ಐಯನ್ನೇ ಆರಿಸಿಕೊಳ್ಳುವುದು ಶ್ರೇಯಸ್ಕರ. ಆ ಪರದೆಯಲ್ಲಿಯೇ ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ಎಂಬ ಸಾಧನವನ್ನು ಕರೆದು, ಲಿಸ್ಟ್ ಡಿಸ್ಕ್ ಎಂಬ ಆಜ್ಞೆಯಿಂದ ಡಿಸ್ಕುಗಳ ಪಟ್ಟಿಯನ್ನು ನೋಡಿ, ಗಾತ್ರದ ಆಧಾರದಿಂದ ಹೊಸದನ್ನು ಗುರುತಿಸಿ, ಅದರ ಸಂಖ್ಯೆಯೊಡನೆ ಸೆಲೆಕ್ಟ್ ಡಿಸ್ಕ್, ಬಳಿಕ ಕ್ಲೀನ್, ಬಳಿಕ ಕನ್ವರ್ಟ್ ಜಿಪಿಟಿ ಎಂಬ ಆಜ್ಞೆಗಳನ್ನು ಕ್ರಮವಾಗಿ ಕೊಟ್ಟರೆ ನಿರಾಕರಣೆ ನಿವಾರಣೆಯಾಗುತ್ತದೆ. ಕ್ಲೀನ್ ಎಂಬ ಆಜ್ಞೆಯು ಎರಡನೆಯ ಸಲ ಕೇಳದೆ ಅಳಿಸಿಹಾಕುತ್ತದೆ. ಹಳೆಯ ಡಿಸ್ಕು ಒಳಗಿದ್ದು, ಸಂಖ್ಯೆ ತಪ್ಪಿ ಅದರ ಮೇಲೆ ಬಿದ್ದಿತೆಂದರೆ ವರ್ಷಗಟ್ಟಲೆಯ ಸಂಗ್ರಹವು ನಿಮಿಷದೊಳಗೆ ಕಣ್ಮರೆಯಾಗುತ್ತದೆ.

ಈ ಕಾರಣದಿಂದಲೂ, ಐದನೆಯ ತಡೆಯ ಕಾರಣದಿಂದಲೂ, ಪ್ರತಿಷ್ಠಾಪನೆ ಮುಗಿಯುವವರೆಗೆ ಹಳೆಯ ಡಿಸ್ಕನ್ನು ಹೊರಗಿಡುವುದೇ ಲೇಸು. ಹಾರ್ಡ್‌ಡಿಸ್ಕಿನ ಗೂಡೂ ಎಂ.2 ಕಿಂಡಿಯೂ ಇರುವ ಲ್ಯಾಪ್‌ಟಾಪಿನಲ್ಲಿ ಎರಡನ್ನೂ ಒಳಗಿಟ್ಟು ವಿಂಡೋಸ್ ಹಾಕಿದರೆ, ವಿಂಡೋಸು ಹೊಸದರಲ್ಲಿ ನೆಲಸಿ, ಬೂಟ್‌ಲೋಡರು ಮಾತ್ರ ಹಳೆಯ ಡಿಸ್ಕಿನ ಚಿಕ್ಕ ಪಾರ್ಟಿಷನ್ನಿನಲ್ಲಿಯೇ ಹೋಗಿ ಕುಳಿತುಕೊಳ್ಳುವುದುಂಟು. ಎಲ್ಲವೂ ಸರಿಯಾಗಿದೆಯೆಂದು ಹಳೆಯದನ್ನು ಬಿಚ್ಚಿದ ದಿನ ಯಂತ್ರವು, ಆರಂಭಿಸತಕ್ಕ ಸಾಧನವಿಲ್ಲವೆನ್ನುತ್ತದೆ. ಆಗ ಹೊಸ ಡಿಸ್ಕಿನಲ್ಲಿ ಫ್ಯಾಟ್32 ವಿನ್ಯಾಸದ ಸುಮಾರು 100 ಮೆಗಾಬೈಟಿನ ಇಎಫ್‌ಐ ಪಾರ್ಟಿಷನ್ನನ್ನು ರಚಿಸಿ, ಬಿಸಿಡಿಬೂಟ್ ಎಂಬ ಸಾಧನದಿಂದ ಬೂಟ್‌ಲೋಡರನ್ನು ಅಲ್ಲಿ ಪುನಃ ಬರೆಯಬೇಕಾಗುತ್ತದೆ. ಹಳೆಯ ಡಿಸ್ಕಿನ ಪಡಿಯಚ್ಚನ್ನೇ ಹೊಸದಕ್ಕೆ ಇಳಿಸುವ ಕ್ಲೋನಿಂಗ್ ಮಾರ್ಗವನ್ನು ಹಿಡಿದವರಿಗೂ ಈ ತಡೆ ಎದುರಾಗಬಹುದು: ಹಳೆಯದು ಎಂಬಿಆರ್ ಆಗಿದ್ದು ಬಯಾಸು ಯುಇಎಫ್‌ಐಗೆ ಮಾತ್ರ ಒಪ್ಪಿದ್ದರೆ ಪಡಿಯಚ್ಚು ಮೇಲೇಳದು. ಅದಕ್ಕೆಂದೇ ವಿಂಡೋಸಿನಲ್ಲಿ ಎಂಬಿಆರ್2ಜಿಪಿಟಿ ಎಂಬ ಸಾಧನವಿದೆ. ಹಳೆಯ ಡಿಸ್ಕು ಮುಪ್ಪಿನಿಂದ ಅಲ್ಲಲ್ಲಿ ಓದಲಾಗದಂತಿದ್ದರೆ ಅದರ ದೋಷಗಳೂ ಪಡಿಯಚ್ಚಿನಲ್ಲಿ ಬರುವುದರಿಂದ, ಅಂತಹ ಪ್ರಸಂಗದಲ್ಲಿ ಶುದ್ಧ ಪ್ರತಿಷ್ಠಾಪನೆಯೇ ಉತ್ತಮ.

ಬಯಾಸಿನಲ್ಲಿ ಇಂದು ಸರಿಪಡಿಸಿದ ಆಯ್ಕೆಗಳು ನಾಳೆ ಮತ್ತೆ ಹಿಂದಿನಂತಾಗಿ, ಗಡಿಯಾರವೂ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ, ಮದರ್‌ಬೋರ್ಡಿನ ನಾಣ್ಯದಾಕಾರದ ಸಣ್ಣ ಸೆಲ್ಲು ಬರಿದಾಗಿದೆಯೆಂದು ತಿಳಿಯಬೇಕು. ತಪ್ಪಿದ ದಿನಾಂಕವು ಅಂತರ್ಜಾಲದ ಭದ್ರಸಂಪರ್ಕಗಳನ್ನೂ ವಿಂಡೋಸಿನ ಸಕ್ರಿಯೀಕರಣವನ್ನೂ ಕೆಡಿಸುತ್ತದೆ. ಸೆಲ್ಲನ್ನು ಬದಲಿಸಿದರೆ ಎಲ್ಲವೂ ಸರಿಹೋಗುತ್ತದೆ. ವಿಂಡೋಸ್ 11 ತನ್ನ ಮೊದಲ ಪರಿಚಯದ ವೇಳೆಗೇ ಅಂತರ್ಜಾಲವನ್ನು ಬೇಡಿ, ವೈಫೈ ಡ್ರೈವರು ಇನ್ನೂ ಬಾರದ ಕಾರಣ ಮುಂದುವರಿಯದೆ ನಿಂತಲ್ಲಿ, ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ಟೆದರಿಂಗ್ ಆರಂಭಿಸಿದರೆ ಸಾಕು. ಪರವಾನಗಿಯ ಚಿಂತೆ ಅನಾವಶ್ಯಕ. ವಿಂಡೋಸಿನೊಡನೆಯೇ ಮಾರಾಟವಾದ ಯಂತ್ರಗಳಲ್ಲಿ ಅದರ ಕೀಲಿ ಮದರ್‌ಬೋರ್ಡಿನಲ್ಲಿಯೇ ಅಡಗಿದ್ದು, ಅದೇ ಆವೃತ್ತಿಯನ್ನು, ಅಂದರೆ ಹೋಮ್ ಇದ್ದಲ್ಲಿ ಹೋಮನ್ನೇ, ಹಾಕಿದರೆ ತಾನಾಗಿಯೇ ಸಕ್ರಿಯವಾಗುತ್ತದೆ.

ಯಾವ ವ್ಯವಸ್ಥೆ, ಯಾವ ಕನ್ನಡ?

ವಿಂಡೋಸ್ 11ಕ್ಕೆ 4 ಗಿಗಾಬೈಟ್ ಸ್ಮೃತಿ, 64 ಗಿಗಾಬೈಟ್ ಸಂಗ್ರಹ, ಟಿಪಿಎಂ 2.0 ಎಂಬ ಭದ್ರತಾ ಘಟಕ, ಇಂಟೆಲಿನಲ್ಲಾದರೆ ಸಾಮಾನ್ಯವಾಗಿ 8ನೆಯ ತಲೆಮಾರಿನ ಅಥವಾ ಅದರಿಂದೀಚಿನ ಪ್ರೊಸೆಸರು ಇರಬೇಕೆಂಬ ನಿಬಂಧನೆಯುಂಟು. ಡಿಸ್ಕನ್ನು ಬದಲಿಸುವುದರಿಂದ ಈ ಅರ್ಹತೆ ಲಭಿಸುವುದಿಲ್ಲ. ಅರ್ಹತೆಯಿಲ್ಲದ ಯಂತ್ರಗಳಿಗೆ ಉಬುಂಟು ಮೊದಲಾದ ಲಿನಕ್ಸ್ ವ್ಯವಸ್ಥೆಗಳು ಉಚಿತವಾಗಿಯೂ ನ್ಯಾಯಸಮ್ಮತವಾಗಿಯೂ ಲಭ್ಯ. ಅವುಗಳನ್ನು ಡಿಸ್ಕಿಗೆ ಇಳಿಸದೆಯೇ ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಧ್ವನಿಗಳು ಸರಿಯಾಗಿವೆಯೇ ಎಂದು ನೋಡಿಕೊಳ್ಳುವ ಸೌಕರ್ಯವೂ ಇದೆ. ಓದು, ಬರಹ, ಅಂತರ್ಜಾಲಗಳಿಗೆ ಇವು ಧಾರಾಳವಾಗಿ ಸಾಕು. ಟ್ಯಾಲಿಯನ್ನು ಅವಲಂಬಿಸಿದವರು ಮಾತ್ರ ವಿಂಡೋಸಿನಲ್ಲಿಯೇ ಉಳಿಯಬೇಕಾಗುವುದು.

ಹೊಸ ವ್ಯವಸ್ಥೆಯಲ್ಲಿ ಕನ್ನಡದ ಕಡತವನ್ನು ತೆರೆದಾಗ, ಅಕ್ಷರಗಳ ಸ್ಥಾನದಲ್ಲಿ ಅರ್ಥಹೀನ ರೋಮನ್ ಲಿಪಿಯ ಸಾಲುಗಳು ಕಂಡು, ಕಡತ ಹಾಳಾಯಿತೆಂದು ಹೌಹಾರುವವರು ಬಹುಮಂದಿ. ಕಡತ ಹಾಳಾಗಿರುವುದಿಲ್ಲ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶದ ಹಳೆಯ ಪದ್ಧತಿಯಲ್ಲಿ, ಕನ್ನಡದ ಆಕೃತಿಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿಯೇ ಇರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಆ ಸಂಕೇತಗಳು ಇಂಗ್ಲಿಷಾಗಿಯೇ ತೋರುತ್ತವೆ. ನುಡಿಯನ್ನು ಮರಳಿ ಹಾಕಿದೊಡನೆ ಪಠ್ಯವು ಸ್ವಸ್ಥಾನಕ್ಕೆ ಬರುತ್ತದೆ. ಕನ್ನಡಕ್ಕೆ ತನ್ನದೇ ಆದ ಸ್ಥಾನಗಳನ್ನು ಕೊಟ್ಟಿರುವ ಯೂನಿಕೋಡಿನಲ್ಲಿ ಬರೆದುದಕ್ಕೆ ಈ ವಿಪತ್ತಿಲ್ಲ. ಆದುದರಿಂದ ಹಳೆಯ ಅರ್ಜಿ, ಠರಾವು, ಪ್ರಬಂಧಗಳನ್ನು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಲು ಡಿಸ್ಕು ಬದಲಿಸುವ ಸಂದರ್ಭಕ್ಕಿಂತ ಪ್ರಶಸ್ತವಾದುದು ಇನ್ನೊಂದಿಲ್ಲ.

ಹಳೆಯ ಡಿಸ್ಕನ್ನು ಕೆಲಕಾಲ ಅಳಿಸದೆ ಕಾಪಾಡಿಕೊಂಡು, ಬೇಕಾದುದೆಲ್ಲ ಹೊಸದರಲ್ಲಿ ದೊರೆತಿದೆಯೆಂದು ದೃಢವಾದ ಮೇಲೆಯೇ ಅದನ್ನು ಬೇರೆ ಉಪಯೋಗಕ್ಕೆ ತರಬೇಕು. ಗುಜರಿಗೆ ಕೊಡುವುದಾದರೆ ಅದರೊಳಗಿನ ಆಧಾರ್ ಪ್ರತಿ, ಬ್ಯಾಂಕಿನ ಪುಟ, ಮನೆಮಂದಿಯ ಚಿತ್ರಗಳನ್ನು ಪೂರ್ಣವಾಗಿ ಅಳಿಸಿಯೇ ಕೊಡಬೇಕು.

ಇಷ್ಟೆಲ್ಲವೂ ವಿಶೇಷಜ್ಞರಿಗೆ ಮೀಸಲಾದ ವಿದ್ಯೆಯಲ್ಲ. ಸಂದೇಶವನ್ನು ಪೂರ್ಣವಾಗಿ ಓದುವ ತಾಳ್ಮೆ, ಹಂತಗಳ ಅನುಕ್ರಮದ ತಿಳಿವು, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವ ನಿಯಮ ಇವು ಮೂರಿದ್ದರೆ ಪದವಿಯ ಮೊದಲ ವರ್ಷದ ವಿದ್ಯಾರ್ಥಿನಿಯೂ ಇದನ್ನು ಸಾಧಿಸಬಲ್ಲಳು. ಆದರೂ ನಮ್ಮ ತರಗತಿಗಳಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ವ್ಯಾಖ್ಯೆಯನ್ನು ಕಂಠಪಾಠ ಮಾಡಿದವರು, ಅದು ಯಂತ್ರದ ಮೇಲೆ ನೆಲೆಗೊಳ್ಳುವುದನ್ನು ಒಮ್ಮೆಯೂ ಕಣ್ಣಾರೆ ಕಾಣದೆ ಪದವಿಯನ್ನು ಪಡೆದು ಹೊರಬರುತ್ತಿರುವುದು ವ್ಯಸನಕರ. ವಿಜಯಪುರ, ತಿಕೋಟಾ, ಬಬಲೇಶ್ವರಗಳ ಕಾಲೇಜುಗಳು ವರ್ಷಕ್ಕೊಮ್ಮೆಯಾದರೂ ಈ ಕಾರ್ಯವನ್ನು ವಿದ್ಯಾರ್ಥಿಗಳ ಕೈಯಿಂದಲೇ ಮಾಡಿಸಿ, ಹಂತಗಳನ್ನು ಕನ್ನಡದಲ್ಲಿ ಬರೆದು ಪ್ರಯೋಗಶಾಲೆಯ ಗೋಡೆಯ ಮೇಲೆ ತೂಗಹಾಕಬೇಕು. ಅದಕ್ಕೆ ಬೇಕಾದುದು ಹಳೆಯ ಲ್ಯಾಪ್‌ಟಾಪೊಂದು, ಪೆನ್‌ಡ್ರೈವೊಂದು ಮತ್ತು ಒಂದು ಮಧ್ಯಾಹ್ನ. ಈ ಮೂರನ್ನು ಒದಗಿಸಲಾರದ ಕಾಲೇಜು ಈ ಜಿಲ್ಲೆಯಲ್ಲಿ ಇರಲಾರದು.